ಎಳೆಗರುಗಳ ರಕ್ತಭೇದಿ



ಮುಂಗಾರಿನ ಮಳೆ ಬಿದ್ದು ಮೂರು ನಾಲ್ಕು ವಾರಗಳು ಕಳೆಯುವಷ್ಟರಲ್ಲಿ ಕಲಬುರಗಿಯ ಕಡೆಯ ಪಶುವೈದ್ಯಶಾಲೆಗಳ ಬಾಗಿಲಿಗೆ ಒಂದು ಬಗೆಯ ದೂರು ತಪ್ಪದೆ ಬರುತ್ತದೆ. "ಕರದ ಸಗಣ್ಯಾಗ ರಕ್ತ ಬೀಳಲಿಕ್ಕತ್ತದರಿ" ಎಂದು ಒಕ್ಕಲಿಗನು ಬಂದು ನಿಲ್ಲುತ್ತಾನೆ. ಅನೇಕ ವೇಳೆ ಅವನು ಬರುವ ಹೊತ್ತಿಗೆ ಕರು ಎರಡು ದಿನಗಳಿಂದ ಮೇವು ಬಿಟ್ಟಿರುತ್ತದೆ. ಎತ್ತಿಗೆ ಕುಂಟು ಬಂದರೆ ಅದೇ ದಿನ ಓಡಿಬರುವವರು, ಹಾಲು ಕರೆಯುವ ಎಮ್ಮೆ ಒಂದು ಹೊತ್ತು ಹಾಲು ತಗ್ಗಿಸಿದರೆ ರಾತ್ರಿಯಲ್ಲಿಯೇ ಬರುವವರು, ಕರುವಿನ ವಿಷಯದಲ್ಲಿ ಮಾತ್ರ ಎರಡು ದಿನ ಕಾದು ನೋಡುತ್ತಾರೆ. ಈ ಎರಡು ದಿನಗಳ ಬೆಲೆ ಎಷ್ಟೆಂಬುದನ್ನು ಹೇಳುವುದೇ ಇಂದಿನ ಭಾಷಣದ ಉದ್ದೇಶ.

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಗೊಬ್ಬೂರ ಎಂಬ ಊರಿದೆ. ಸುತ್ತಲೂ ಕರಿಯ ಎರೆಯ ಹೊಲಗಳು. ತೊಗರಿ ಮತ್ತು ಜೋಳ ಅಲ್ಲಿಯ ಮುಖ್ಯ ಬೆಳೆಗಳು. ಮನೆಮನೆಗೂ ಒಂದೆರಡು ಎಮ್ಮೆ, ಒಂದು ಆಕಳು. ನಾವು ಹೊಸದಾಗಿ ಈ ವೃತ್ತಿಗೆ ಬಂದ ಕಾಲದಲ್ಲಿ ಆ ಊರಿನ ಒಂದು ಕೊಟ್ಟಿಗೆಯಲ್ಲಿ ಕಲಿತ ಪಾಠವನ್ನು ಮೊದಲು ಹೇಳಿಬಿಡುತ್ತೇವೆ. ಅದರಲ್ಲಿ ನಮಗೆ ಹೆಮ್ಮೆಪಡತಕ್ಕದ್ದೇನೂ ಇಲ್ಲ. ಆದರೆ ವೈದ್ಯನು ತನ್ನ ತಪ್ಪನ್ನು ಹೇಳದೆ ಇತರರಿಗೆ ಎಚ್ಚರಿಕೆ ಹೇಳುವುದು ಯೋಗ್ಯವಲ್ಲವೆಂದು ನಮ್ಮ ಎಣಿಕೆ.

ಆ ಮನೆಯಲ್ಲಿ ಮೂರು ಕರುಗಳಿದ್ದುವು. ಎರಡೂವರೆ ತಿಂಗಳಿನ ಆಕಳ ಹೆಣ್ಣುಗರು ಒಂದು. ಅದಕ್ಕಿಂತ ತುಸು ದೊಡ್ಡದಾದ ಎಮ್ಮೆಯ ಹೆಣ್ಣುಗರು ಒಂದು. ನಾಲ್ಕು ತಿಂಗಳ ಹೋರಿಗರು ಮತ್ತೊಂದು. ಮಳೆಗಾಲವಾದುದರಿಂದ ಮೂರನ್ನೂ ಕೊಟ್ಟಿಗೆಯ ಒಳಮೂಲೆಯಲ್ಲಿ, ನೀರಿನ ಬಾನಿಯ ಪಕ್ಕದಲ್ಲಿ, ಒತ್ತೊತ್ತಾಗಿ ಕಟ್ಟಿದ್ದರು. ಎಮ್ಮೆಯ ಕರು ಭೇದಿ ಮಾಡುತ್ತಿದೆಯೆಂದು ಕರೆ ಬಂದಿತು. ಎಮ್ಮೆಯ ಕರುಗಳಲ್ಲಿ ದುಂಡುಹುಳುವಿನ ಉಪದ್ರವ ಬಹಳ; ಆದುದರಿಂದ ನಾವು ದೂರದಿಂದಲೇ ನೋಡಿ, ಇದು ಹುಳುವಿನ ಬೇನೆಯೆಂದು ತೀರ್ಮಾನಿಸಿ, ಜಂತಿನ ಔಷಧವನ್ನು ಕುಡಿಸಿ ಬಂದೆವು. ಸಗಣಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಲಿಲ್ಲ. ನಾಲ್ಕನೆಯ ದಿನ ಕರು ಸತ್ತಿತು. ಆಗ ಉಳಿದ ಎರಡು ಕರುಗಳ ಸಗಣಿಯನ್ನು ತರಿಸಿ ನೋಡಿದೆವು. ಕಾಚಿನ ಫಲಕದ ತುಂಬ ಆ ರೋಗಾಣುಗಳ ಬೀಜಕೋಶಗಳು! ಎರಡಕ್ಕೂ ತಕ್ಕ ಔಷಧವನ್ನು ಕೊಟ್ಟೆವು, ಎರಡೂ ಬದುಕಿದುವು. ಆ ಮನೆಯ ಹೆಣ್ಣುಮಗಳು ನಮ್ಮನ್ನು ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು: "ಮೊದಲನೇ ದಿನಾನೇ ಸಗಣಿ ಯಾಕ ನೋಡಲಿಲ್ರಿ?" ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಭಾಷಣವು ಒಂದು ರೀತಿಯಲ್ಲಿ ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಈ ರೋಗಕ್ಕೆ ವೈದ್ಯರು ಕಾಕ್ಸಿಡಿಯೋಸಿಸ್ ಎಂದು ಹೆಸರಿಟ್ಟಿದ್ದಾರೆ. ಎಳೆಗರುಗಳ ರಕ್ತಭೇದಿಗೆ ಮುಖ್ಯವಾದ ಕಾರಣಗಳಲ್ಲಿ ಇದೊಂದು. ಇದು ದೃಷ್ಟಿ ತಾಗಿ ಬಂದುದಲ್ಲ, ಹಾಲು ಹೆಚ್ಚಾಗಿ ಬಂದುದಲ್ಲ, ಮಣ್ಣು ತಿಂದ ಉಷ್ಣದಿಂದ ಬಂದುದೂ ಅಲ್ಲ. ಆದರೆ ಮಣ್ಣು ತಿನ್ನುವುದಕ್ಕೂ ಇದಕ್ಕೂ ಒಂದು ನಂಟು ಉಂಟು. ಅದನ್ನು ಮುಂದೆ ಹೇಳುತ್ತೇವೆ. ಇದಕ್ಕೆ ಕಾರಣವಾದುದು ಐಮೇರಿಯ ಎಂಬ ಏಕಕೋಶಜೀವಿ. ಕಣ್ಣಿಗೆ ಕಾಣುವ ಹುಳುವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದುದರಿಂದಲೇ ಜಂತುಹುಳುಗಳನ್ನು ಕೊಲ್ಲುವ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಮೊದಲಾದ ಔಷಧಗಳು ಇದರ ಮೇಲೆ ನಡೆಯವು. ನಾವು ಗೊಬ್ಬೂರಿನಲ್ಲಿ ಮಾಡಿದ ತಪ್ಪು ಇದೇ. ಇಂದಿಗೂ ಅಂಗಡಿಯಿಂದ ಜಂತಿನ ಔಷಧವನ್ನು ತಂದು ಕುಡಿಸಿ, ಔಷಧ ಕೊಟ್ಟಾಯಿತೆಂದು ಸುಮ್ಮನಿರುವವರು ಅನೇಕರು.

ಈ ಜಾತಿಯ ಜೀವಿಯ ಬೀಜಕೋಶಗಳನ್ನು ಮೊದಲು ಕಂಡವನು ಹಾಲೆಂಡಿನ ಲೇವನ್‌ಹೂಕ್ ಎಂಬ ಕುತೂಹಲಿ. ತಾನೇ ಅರೆದ ಮಸೂರಗಳ ಮೂಲಕ ಅವನು 1674ರಲ್ಲಿ ಮೊಲದ ಪಿತ್ತದಲ್ಲಿ ಇವನ್ನು ನೋಡಿದನು. ಏನೆಂದು ಅವನಿಗೆ ತಿಳಿಯಲಿಲ್ಲ. ಸುಮಾರು 200 ವರ್ಷಗಳ ಮೇಲೆ, 19ನೆಯ ಶತಮಾನದ ಕಡೆಯ ಭಾಗದಲ್ಲಿ, ಸ್ವಿಟ್ಜರ್ಲೆಂಡಿನ ಪಶುವೈದ್ಯರು ತಮ್ಮ ದನಗಳಿಗೆ ಬರುತ್ತಿದ್ದ 'ಕೆಂಪು ಭೇದಿ'ಗೆ ಇದೇ ಬಗೆಯ ಜೀವಿಯು ಕಾರಣವೆಂದು ಅರಿತರು. ದನಗಳಲ್ಲಿ ವಾಸಿಸುವ ಐಮೇರಿಯ ಜಾತಿಗಳು ಹನ್ನೆರಡಕ್ಕೂ ಮೇಲ್ಪಟ್ಟು ಇವೆ. ಅವುಗಳಲ್ಲಿ ಬೋವಿಸ್ ಮತ್ತು ಜೂರ್ನಿ ಎಂಬ ಎರಡು ಬಹಳ ಕೆಟ್ಟವು. ಎಮ್ಮೆಗಳಲ್ಲಿ ಇವಲ್ಲದೆ ಮತ್ತೊಂದು ಜಾತಿಯೂ ಉಂಟು. 1963ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಅದನ್ನು ವರ್ಣಿಸಿ ಉತ್ತರದ ಬರೇಲಿ ಪಟ್ಟಣದ ಹೆಸರನ್ನು ಅದಕ್ಕೆ ಕೊಟ್ಟರು. ಕೋಳಿಗೂ ಆಡುಕುರಿಗಳಿಗೂ ಬರುವ ಕಾಕ್ಸಿಡಿಯ ಬೇರೆ. ಅದು ಕರುವಿಗೆ ಅಂಟದು. ಕರುವಿನದು ಕೋಳಿಗೆ ಅಂಟದು, ಮನುಷ್ಯನಿಗೂ ಅಂಟದು. ಆದುದರಿಂದ ಕೊಟ್ಟಿಗೆಯಲ್ಲಿ ಕೋಳಿ ಸಾಕಿದ್ದರಿಂದಲೇ ಕರು ಸತ್ತಿತೆಂದು ನೆರೆಮನೆಯವರೊಡನೆ ಜಗಳವಾಡುವುದು ವ್ಯರ್ಥ.

ಇನ್ನು ಈ ಜೀವಿಯ ಬಾಳುವೆಯ ಕ್ರಮವನ್ನು ಸ್ವಲ್ಪ ನೋಡೋಣ. ಇದನ್ನು ತಿಳಿಯದೆ ತಡೆಯುವ ಉಪಾಯ ತಿಳಿಯದು. ರೋಗಿಯಾದ ಕರುವಿನ ಸಗಣಿಯೊಡನೆ ಬೀಜಕೋಶಗಳು ನೆಲಕ್ಕೆ ಬೀಳುತ್ತವೆ. ಒಂದೊಂದೂ ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು ಸಣ್ಣದು. ಬಿದ್ದ ಕೂಡಲೆ ಅದು ಅಪಾಯಕರವಲ್ಲ. ನೆಲದ ಮೇಲೆ ಪಕ್ವವಾಗಬೇಕು. ಪಕ್ವವಾಗುವುದಕ್ಕೆ ಮೂರು ಬೇಕು: ತೇವ, ಬೆಚ್ಚನೆ, ಗಾಳಿ. ಮಳೆಗಾಲದ ಕೊಟ್ಟಿಗೆಯಲ್ಲಿ ಮೂರೂ ಸಮೃದ್ಧಿಯಾಗಿ ದೊರೆಯುವುದರಿಂದ ಎರಡು ನಾಲ್ಕು ದಿನಗಳಲ್ಲಿ ಅದು ಸಿದ್ಧವಾಗುತ್ತದೆ. ಆಗ ಅದರೊಳಗೆ ಎಂಟು ಎಳೆಯ ಜೀವಿಗಳಿರುತ್ತವೆ. ಕರು ನೆಲವನ್ನು ನೆಕ್ಕಿದಾಗ, ಸಗಣಿ ಮೆತ್ತಿದ ತಾಯಿಯ ಕೆಚ್ಚಲನ್ನು ಚೀಪಿದಾಗ, ಕೊಳೆಯಾದ ಬಾನಿಯ ನೀರನ್ನು ಕುಡಿದಾಗ, ಕಾಲ ಕೆಳಗೆ ಬಿದ್ದ ಮೇವನ್ನು ತಿಂದಾಗ ಅದು ಹೊಟ್ಟೆಯನ್ನು ಸೇರುತ್ತದೆ. ಮಣ್ಣು ತಿನ್ನುವುದಕ್ಕೂ ರೋಗಕ್ಕೂ ಇರುವ ನಂಟು ಇದೇ. ಕೆಟ್ಟದ್ದು ಮಣ್ಣಲ್ಲ, ಮಣ್ಣಿನಲ್ಲಿರುವ ಸಗಣಿ.

ಕರುಳನ್ನು ಸೇರಿದ ಎಳೆಯ ಜೀವಿಯು ಅಲ್ಲಿಯ ಒಂದು ಕೋಶದೊಳಕ್ಕೆ ಹೊಕ್ಕು ಬೆಳೆಯುತ್ತದೆ, ಒಡೆದು ಹಲವಾಗುತ್ತದೆ. ಬೋವಿಸ್ ಜಾತಿಯಲ್ಲಿ ಹೀಗೆ ಹೊಕ್ಕ ಒಂದೊಂದೂ ಸುಮಾರು ಎರಡು ವಾರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚಾಗಬಲ್ಲುದು. ಅವೆಲ್ಲವೂ ಹೊರಬಿದ್ದು ದೊಡ್ಡಕರುಳಿನ ಕೋಶಗಳನ್ನು ಮುತ್ತುತ್ತವೆ. ಅಲ್ಲಿ ಹೆಣ್ಣು ಗಂಡು ಭೇದವುಂಟಾಗಿ, ಹೊಸ ಬೀಜಕೋಶಗಳು ಹುಟ್ಟಿ, ಕೋಶಗಳನ್ನು ಸೀಳಿಕೊಂಡು ಹೊರಬರುತ್ತವೆ. ಕರುಳಿನ ಒಳಪದರವು ಕಿತ್ತು ರಕ್ತ ಸುರಿಯುವುದು ಈ ಹಂತದಲ್ಲಿ. ಒಳಗೆ ಹೋದ ದಿನದಿಂದ ರಕ್ತ ಕಾಣುವವರೆಗೆ ಎರಡೂವರೆಯಿಂದ ಮೂರು ವಾರಗಳು ಹಿಡಿಯುತ್ತವೆ.

ಈ ಮೂರು ವಾರಗಳ ಲೆಕ್ಕವನ್ನು ನಮ್ಮ ಒಕ್ಕಲಿಗರು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ರೋಗ ಕಾಣಿಸಿದ್ದು ಇಂದು. ಅಂಟಿದ್ದು ಮೂರು ವಾರಗಳ ಹಿಂದೆ. ಇಂದು ರಕ್ತ ಕಂಡ ಕರುವಿನ ಕರುಳು ಆಗಲೇ ಬಹುಭಾಗ ಕೆಟ್ಟಿರುತ್ತದೆ. ಔಷಧವು ಮುಂದಿನ ಹಾನಿಯನ್ನು ತಡೆಯಬಲ್ಲುದೇ ಹೊರತು ಆದ ಗಾಯವನ್ನು ಆ ಕ್ಷಣದಲ್ಲಿ ಮಾಯಿಸಲಾರದು. ಇದರಿಂದ ಎರಡನೆಯ ಮಾತೂ ಹೊರಡುತ್ತದೆ. ಮೂರು ವಾರಗಳ ಹಿಂದೆ ಅದರೊಡನೆ ಅದೇ ಮೂಲೆಯಲ್ಲಿ ಕಟ್ಟಿದ್ದ ಬೇರೆ ಕರುಗಳೂ ಅದೇ ನೆಲವನ್ನು ನೆಕ್ಕಿವೆ. ಅವು ಇಂದು ಚಂಗನೆ ನೆಗೆಯುತ್ತಿರಬಹುದು. ಆದರೂ ಅವುಗಳ ಕರುಳಿನಲ್ಲಿ ಇದೇ ವ್ಯಾಪಾರ ನಡೆದಿರುತ್ತದೆ. ಔಷಧದಿಂದ ಹೆಚ್ಚಿನ ಪ್ರಯೋಜನವಾಗುವುದು ಈ ಆರೋಗ್ಯವಂತವಾಗಿ ಕಾಣುವ ಕರುಗಳಿಗೇ. ಒಂದು ಕರುವಿಗೆ ರೋಗವೆಂದರೆ ಆ ಮೂಲೆಗೇ ರೋಗವೆಂದು ತಿಳಿಯತಕ್ಕದ್ದು.

ರೋಗದ ಲಕ್ಷಣಗಳು ಹೀಗಿವೆ. ಮೂರು ವಾರದ ಕೆಳಗಿನ ಕರುವಿನಲ್ಲಿ ಈ ರೋಗ ಅಪರೂಪ; ಅದಕ್ಕೆ ಕಾರಣವನ್ನು ಈಗತಾನೆ ಕೇಳಿದಿರಿ. ಮೂರು ವಾರದಿಂದ ಆರು ತಿಂಗಳವರೆಗಿನವುಗಳಲ್ಲಿ ಬಹಳ. ಒಂದು ವರ್ಷದವರೆಗೂ ಬರುವುದುಂಟು. ಮೊದಲು ಸಗಣಿ ತೆಳ್ಳಗಾಗಿ ನಾರುತ್ತದೆ. ಬಾಲ ಮತ್ತು ಹಿಂದೊಡೆ ಮೆತ್ತಿಕೊಂಡಿರುತ್ತವೆ. ಆಮೇಲೆ ಲೋಳೆಯೂ, ರಕ್ತದ ಎಳೆಗಳೂ, ಕೆಲವು ವೇಳೆ ಹೆಪ್ಪುಗಟ್ಟಿದ ರಕ್ತವೂ ಬೀಳುತ್ತವೆ. ಕರು ಬಾಲವೆತ್ತಿ, ಬೆನ್ನು ಬಾಗಿಸಿ, ಮತ್ತೆ ಮತ್ತೆ ತಿಣುಕುತ್ತದೆ. ಬೀಳುವುದು ಮಾತ್ರ ಒಂದು ಹಿಡಿ ಲೋಳೆ. ಈ ತಿಣುಕಾಟವೇ ಈ ರೋಗದ ಮುಖ್ಯ ಗುರುತು. ಅತಿಯಾಗಿ ತಿಣುಕಿ ಗುದದ್ವಾರವು ಹೊರಬರುವುದೂ ಉಂಟು. ಕಣ್ಣುಗಳು ಗುಳಿಬೀಳುತ್ತವೆ, ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ, ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರೆ ಕೂಡಲೆ ಕೆಳಗಿಳಿಯದೆ ಮಡಿಕೆಯಾಗಿಯೇ ನಿಲ್ಲುತ್ತದೆ. ಚಳಿದೇಶಗಳಲ್ಲಿ ಕೆಲವು ಕರುಗಳಿಗೆ ಸೆಳವು ಕೂಡ ಬರುತ್ತದೆ. ಹಾಗೆ ಸೆಳವು ಕಂಡವು ಉಳಿಯುವುದು ಕಡಮೆ.

ರಕ್ತ ಕಾಣದ ರೂಪವೂ ಒಂದುಂಟು, ಅದೇ ಹೆಚ್ಚು. ಆ ಕರು ಸಾಯುವುದಿಲ್ಲ. ಆದರೆ ಮೈ ಹತ್ತುವುದಿಲ್ಲ. ರೋಮ ಒರಟಾಗಿ ನಿಲ್ಲುತ್ತದೆ. ಹೊಟ್ಟೆ ಮಾತ್ರ ಕಾಣುತ್ತದೆ. ಇಂಥ ಹೆಣ್ಣುಗರು ಬೆದೆಗೆ ಬರುವುದೂ, ಗಬ್ಬವಾಗುವುದೂ ಹಿಂದೆ ಬೀಳುತ್ತವೆ. "ತಳಿ ಸರಿಯಿಲ್ಲ" ಎಂದು ತಳಿಯನ್ನು ದೂರುತ್ತೇವೆ. ತಳಿಯ ತಪ್ಪು ಅಷ್ಟಿರುವುದಿಲ್ಲ; ಬಾನಿಯ ಪಕ್ಕದ ಆ ಒದ್ದೆ ಮೂಲೆಯ ತಪ್ಪು ಇರುತ್ತದೆ.

ರಕ್ತಭೇದಿಯೆಲ್ಲವೂ ಕಾಕ್ಸಿಡಿಯೋಸಿಸ್ ಅಲ್ಲವೆಂಬುದನ್ನೂ ಹೇಳಬೇಕು. ಹುಟ್ಟಿದ ಮೊದಲ ವಾರದ ಬಿಳಿಭೇದಿ ಬೇರೆ. ಅದು ಬಹುಮಟ್ಟಿಗೆ ಬ್ಯಾಕ್ಟೀರಿಯ, ವೈರಸ್ಸುಗಳಿಂದ ಬರುವುದು. ಜ್ವರದೊಡನೆ ರಕ್ತಭೇದಿಯಿದ್ದರೆ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯವಿರಬಹುದು. ಅದು ಮನುಷ್ಯರಿಗೂ ಅಂಟುತ್ತದೆ. ಎಮ್ಮೆಯ ಕರುಗಳಿಗೆ ತಾಯಿಯ ಹಾಲಿನ ಮೂಲಕವೇ ದುಂಡುಹುಳುವಿನ ಮರಿಗಳು ಬರುತ್ತವೆ. ಅದಕ್ಕೆ ಎರಡನೆಯ ವಾರದಲ್ಲಿ ಜಂತಿನ ಔಷಧವನ್ನು ಕೊಡಿಸಲೇಬೇಕು. ಇವನ್ನೆಲ್ಲ ಕಣ್ಣಿನಿಂದ ಬೇರ್ಪಡಿಸಲಾಗದು. ಹೊಸದಾಗಿ ಬಿದ್ದ ಒಂದು ನಿಂಬೆಹಣ್ಣಿನಷ್ಟು ಸಗಣಿಯನ್ನು ಶುದ್ಧವಾದ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ತಂದರೆ ಸಾಕು. ಉಪ್ಪಿನ ಗಟ್ಟಿದ್ರಾವಣದಲ್ಲಿ ಕದಡಿದರೆ ಬೀಜಕೋಶಗಳು ಹಗುರಾದುದರಿಂದ ಮೇಲಕ್ಕೆ ತೇಲುತ್ತವೆ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಕೆಲವು ವೇಳೆ ಭೇದಿಯು ಬೀಜಕೋಶಗಳಿಗಿಂತ ಒಂದೆರಡು ದಿನ ಮುಂದಾಗಿ ಬರುವುದರಿಂದ, ಮೊದಲ ದಿನ ಕಾಣದಿದ್ದರೆ ಮರುದಿನವೂ ತರತಕ್ಕದ್ದು.

ಈಗ ಚಿಕಿತ್ಸೆಗೆ ಬರೋಣ. ಕರುವನ್ನು ಮೊದಲು ಕೊಲ್ಲುವುದು ರೋಗಾಣುವಲ್ಲ, ನೀರಿನ ಕೊರತೆ. 40 ಕಿಲೋ ತೂಕದ ಕರುವೊಂದು ಕಣ್ಣು ಗುಳಿಬೀಳುವಷ್ಟು ಬತ್ತಿದೆಯೆಂದರೆ ತೂಕದಲ್ಲಿ ನೂರಕ್ಕೆ ಎಂಟರಷ್ಟು, ಎಂದರೆ 3 ಲೀಟರಿಗೂ ಹೆಚ್ಚು ನೀರನ್ನು ಕಳೆದುಕೊಂಡಿರುತ್ತದೆ. ಅದನ್ನು ತುಂಬಿಕೊಡಬೇಕು; ಮೇಲೆ ಆ ದಿನದ ಅಗತ್ಯವನ್ನೂ ಕೊಡಬೇಕು. ಮಕ್ಕಳ ವಾಂತಿಭೇದಿಗೆ ಕೊಡುವ ಓ.ಆರ್.ಎಸ್. ಪೊಟ್ಟಣ ಇಲ್ಲಿಯೂ ಒದಗುತ್ತದೆ. ಒಂದು ಪೊಟ್ಟಣವನ್ನು ಒಂದು ಲೀಟರು ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಹೊತ್ತಿಗೆ ಒಂದು ಲೀಟರಿನಂತೆ ದಿನಕ್ಕೆ ನಾಲ್ಕು ಸಲ, ಉಗುರುಬೆಚ್ಚಗೆ ಕುಡಿಸಬೇಕು. ಮನೆಯಲ್ಲಿಯೇ ಸಕ್ಕರೆ ಉಪ್ಪು ಬೆರಸಿದರಾಗದೇ ಎಂದು ಕೇಳುವವರುಂಟು. ಮಕ್ಕಳಿಗೆ ಅದು ಆಗುತ್ತದೆ, ಕರುವಿಗೆ ಸರಿಹೋಗದು. ಸಕ್ಕರೆಯನ್ನು ಒಡೆಯುವ ಪಾಚಕರಸ ಕರುವಿನ ಕರುಳಿನಲ್ಲಿಲ್ಲ. ಆ ಸಕ್ಕರೆ ಕರುಳಿನಲ್ಲಿಯೇ ನಿಂತು ಭೇದಿಯನ್ನು ಹೆಚ್ಚಿಸುತ್ತದೆ. ಆದುದರಿಂದ ಗ್ಲೂಕೋಸ್ ಇರುವ ಪೊಟ್ಟಣವೇ ಆಗಬೇಕು. ಕರುವಿಗೆ ಏಳಲೂ ಚೀಪಲೂ ಶಕ್ತಿಯಿಲ್ಲದಿದ್ದರೆ ಬಾಯಿಗೆ ಗೊಟ್ಟ ಹಾಕಿ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ. ಅಂಥದಕ್ಕೆ ವೈದ್ಯರು ನರಕ್ಕೆ ದ್ರಾವಣವನ್ನು ಏರಿಸಬೇಕು.

ಹಾಲನ್ನು ನಿಲ್ಲಿಸುವ ಪದ್ಧತಿಯೂ ನಮ್ಮಲ್ಲಿದೆ. ಅದು ತಪ್ಪು. ಉಪವಾಸ ಬಿದ್ದ ಕರುಳು ಮಾಯುವುದಿಲ್ಲ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಬೇಕು. ಹಾಲಿಗೂ ಪೊಟ್ಟಣದ ನೀರಿಗೂ ನಡುವೆ ಎರಡು ಗಂಟೆಯ ಅಂತರವಿರಲಿ.

ಔಷಧಗಳಲ್ಲಿ ಹಳೆಯದು ಸಲ್ಫಾ ಜಾತಿಯದು. 1930ರ ದಶಕದಲ್ಲಿ ಜರ್ಮನಿಯಲ್ಲಿ ಮೊದಲು ಬೆಳಕಿಗೆ ಬಂದ ಈ ಜಾತಿಯ ಔಷಧವು ಕೋಟ್ಯಂತರ ಮನುಷ್ಯರನ್ನು ಉಳಿಸಿದ ಮೇಲೆ ಕರುಗಳ ಕಡೆಗೂ ಬಂದಿತು. ಸಲ್ಫಾಡಿಮಿಡಿನ್ ಎಂಬುದನ್ನು ತೂಕದ ಪ್ರತಿ ಕಿಲೋಗೆ ಮೊದಲ ದಿನ 140 ಮಿಲಿಗ್ರಾಂ, ಮುಂದಿನ ಮೂರು ನಾಲ್ಕು ದಿನ 70 ಮಿಲಿಗ್ರಾಂ ಕೊಡುವುದು ವಾಡಿಕೆ. 40 ಕಿಲೋ ಕರುವಿಗೆ ಮೊದಲ ದಿನ ಐದೂವರೆ ಗ್ರಾಮಿನಷ್ಟು, ಆಮೇಲೆ ಅದರ ಅರ್ಧ. ಇದನ್ನು ಕೊಡುವಾಗ ಕರುವಿಗೆ ನೀರು ಸಾಕಷ್ಟು ಇರಲೇಬೇಕು. ಇಲ್ಲದಿದ್ದರೆ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಎರಡನೆಯದು ಆಂಪ್ರೋಲಿಯಂ. ದಿನಕ್ಕೆ ಕಿಲೋಗೆ 10 ಮಿಲಿಗ್ರಾಮಿನಂತೆ ಐದು ದಿನ. ಅಂಗಡಿಯಲ್ಲಿ ದೊರೆಯುವ ನೂರಕ್ಕೆ ಇಪ್ಪತ್ತರ ಪುಡಿಯಾದರೆ 40 ಕಿಲೋ ಕರುವಿಗೆ ದಿನಕ್ಕೆ 2 ಗ್ರಾಂ. ಇದು ರೋಗಾಣುವಿಗೆ ಬೇಕಾದ ಬಿ-1 ಜೀವಸತ್ತ್ವವನ್ನು ತಡೆದು ಅದನ್ನು ಕೊಲ್ಲುತ್ತದೆ. ಅಳತೆ ಮೀರಿದರೆ ಕರುವಿಗೇ ಆ ಜೀವಸತ್ತ್ವದ ಕೊರತೆಯಾಗಿ ಮೆದುಳಿಗೆ ಕೇಡಾಗುತ್ತದೆ. ಹೆಚ್ಚು ಕೊಟ್ಟರೆ ಬೇಗ ಗುಣವೆಂಬ ಭ್ರಮೆ ಬೇಡ. ಮೂರನೆಯದು ಟಾಲ್ಟ್ರಜುರಿಲ್, ಕಿಲೋಗೆ 15 ಮಿಲಿಗ್ರಾಮಿನಂತೆ ಒಂದೇ ಸಲ ಬಾಯಿಂದ. ಇದು ರೋಗಾಣುವಿನ ಎಲ್ಲ ಹಂತಗಳ ಮೇಲೂ ನಡೆಯುವುದರಿಂದ, ಇನ್ನೂ ರೋಗ ಕಾಣದ ಜೊತೆಗರುಗಳಿಗೆ ಬಹಳ ಉಪಯುಕ್ತ. ಕೋಳಿಗಳ ನೀರಿನಲ್ಲಿ ಬೆರಸುವುದಕ್ಕಾಗಿ ಮಾಡಿದ ಸೀಸೆಯನ್ನು ತಂದು ಕರುವಿಗೆ ಕುಡಿಸುವುದು ಮಾತ್ರ ಸಲ್ಲದು.

ಈ ಅಳತೆಗಳನ್ನು ಹೇಳಿದ್ದು ನೀವೇ ವೈದ್ಯರಾಗಲೆಂದಲ್ಲ. ವೈದ್ಯರು ಬರೆದುಕೊಟ್ಟುದನ್ನು ಅರ್ಧಕ್ಕೆ ನಿಲ್ಲಿಸಬಾರದೆಂದೂ, ಕಣ್ಣಳತೆಯಲ್ಲಿ ಸುರಿಯಬಾರದೆಂದೂ ತಿಳಿಯಲೆಂದು. ಎರಡನೆಯ ದಿನ ರಕ್ತ ನಿಂತಿತೆಂದು ಐದು ದಿನದ ಔಷಧವನ್ನು ಬಿಟ್ಟುಬಿಡುವವರು ಬಹಳ. ಆಸ್ಪತ್ರೆ ದೂರವಾದವರು 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯವನ್ನು ಕೇಳಬಹುದು.

ಚಿಕಿತ್ಸೆಗಿಂತ ತಡೆಯುವುದು ಅಗ್ಗ. ದನಗಳ ಮಹಾಮಾರಿಯಾಗಿದ್ದ ದೊಡ್ಡರೋಗವನ್ನು ನಮ್ಮ ಹಿರಿಯರು ಕಂಡಿದ್ದರು. ಅದಕ್ಕೆಂದೇ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಲಸಿಕೆಯ ಬಲದಿಂದ ಆ ರೋಗವು ನಮ್ಮ ದೇಶದಲ್ಲಿ 1995ರ ಮೇಲೆ ಕಾಣಿಸಲಿಲ್ಲ. 2011ರಲ್ಲಿ ಪ್ರಪಂಚದಿಂದಲೇ ಹೋಯಿತೆಂದು ಘೋಷಣೆಯಾಯಿತು. ರಕ್ತಭೇದಿಯ ವಿಷಯದಲ್ಲಿ ಆ ಆಸೆ ಇಲ್ಲ. ಕೋಳಿಗಳಿಗೆ ಕಾಕ್ಸಿಡಿಯದ ಲಸಿಕೆ ಉಂಟು, ದನಗಳಿಗಿಲ್ಲ. ದೊಡ್ಡರೋಗ ಹೊರಗಿನಿಂದ ದಾಳಿಯಿಡುವ ಶತ್ರು; ಇದು ಮನೆಯಲ್ಲಿಯೇ ಇರುವ ಶತ್ರು. ಬೆಳೆದ ಆಕಳು ಎಮ್ಮೆಗಳ ಹೊಟ್ಟೆಯಲ್ಲಿಯೂ ಕೆಲವು ಇದ್ದೇ ಇರುತ್ತವೆ, ಅವಕ್ಕೆ ತೊಂದರೆಯಿಲ್ಲ. ಎಳೆಯದರಲ್ಲಿ ಸ್ವಲ್ಪ ಸ್ವಲ್ಪವಾಗಿ ತಗಲಿದರೆ ಕರುವಿಗೂ ತಡೆಯುವ ಶಕ್ತಿ ಬರುತ್ತದೆ. ಒಮ್ಮೆಗೇ ಸಾವಿರಗಟ್ಟಲೆ ನುಂಗಿದರೆ ಮಾತ್ರ ಕೆಡುಕು. ಆದುದರಿಂದ ನಮ್ಮ ಕೆಲಸವೆಂದರೆ ಇದನ್ನು ಬೇರುಸಹಿತ ಕಿತ್ತೆಸೆಯುವುದಲ್ಲ, ಮಿತಿಯಲ್ಲಿಡುವುದು.

ಮೊದಲನೆಯದು ಗಿಣ್ಣುಹಾಲು. ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆ ಇನ್ನೂ ಉಳಿದಿದೆ. ಇದು ಬಹಳ ಕೆಡುಕಿನ ನಂಬಿಕೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆಗೆ ಬೀಳಬೇಕು. ಮೊದಲ ದಿನದಲ್ಲಿ ತೂಕದ ಹತ್ತನೆಯ ಒಂದು ಪಾಲಾದರೂ ಸಲ್ಲಬೇಕು. ಒಂದು ದಿನ ಕಳೆದರೆ ಗಿಣ್ಣಿನ ರಕ್ಷಕಶಕ್ತಿಯನ್ನು ಕರುಳು ಒಳಕ್ಕೆ ಬಿಟ್ಟುಕೊಳ್ಳದು. ಗಿಣ್ಣು ಈ ರೋಗವನ್ನು ನೇರವಾಗಿ ತಡೆಯದಿದ್ದರೂ, ಬೇರೆ ಬೇನೆಗಳಿಂದ ಸೊರಗದ ಕರು ಇದನ್ನೂ ತಾಳುತ್ತದೆ.

ಎರಡನೆಯದು ಜಾಗ. ಕರುವನ್ನು ಬಾನಿಯ ಪಕ್ಕದಲ್ಲಿ ಕಟ್ಟಬೇಡಿ. ಗಾಳಿ ಬೆಳಕು ಇರುವ, ಇಳಿಜಾರಾದ, ಎತ್ತರದ ಜಾಗ ಬೇಕು. ಒಂದೊಂದು ಎಳೆಗರುವಿಗೂ ಸುಮಾರು ಒಂದು ಚದರ ಮೀಟರು ಒಣನೆಲವಾದರೂ ಇರಲಿ. ದೊಡ್ಡ ದನಗಳಿಂದಲೂ, ದೊಡ್ಡ ಕರುಗಳಿಂದಲೂ ಚಿಕ್ಕವನ್ನು ಬೇರೆಯಾಗಿಡಬೇಕು. ದೊಡ್ಡ ಕರು ತಾನು ಸುಖವಾಗಿದ್ದು ಚಿಕ್ಕದಕ್ಕೆ ಉಣಿಸುತ್ತದೆ. ಎರೆಯ ಮಣ್ಣು ನೀರನ್ನು ಹಿಡಿದು ಬಿಡದ ಮಣ್ಣು. ಆದುದರಿಂದ ಕರುವಿನ ಮೂಲೆಗೆ ಮಾತ್ರ ಗರಸನ್ನೋ ಕಲ್ಲುಚಪ್ಪಡಿಯನ್ನೋ ಹಾಕಿಸುವುದು ಒಳ್ಳೆಯದು.

ಮೂರನೆಯದು ಸಗಣಿ. ಬಿದ್ದ ಬೀಜಕೋಶ ಪಕ್ವವಾಗಲು ಎರಡು ದಿನವಾದರೂ ಬೇಕೆಂದು ಹೇಳಿದೆವಷ್ಟೆ? ದಿನವೂ ಸಗಣಿಯನ್ನು ಬಳಿದು ತೆಗೆದರೆ ಅದಕ್ಕೆ ಆ ಎರಡು ದಿನಗಳೇ ಸಿಕ್ಕುವುದಿಲ್ಲ. ಇಷ್ಟು ಸುಲಭವಾದ ಯುದ್ಧ ಬೇರೊಂದಿಲ್ಲ. ತೆಗೆದ ಸಗಣಿಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಹರಡದೆ ದೂರದ ತಿಪ್ಪೆಯಲ್ಲಿ ರಾಶಿ ಹಾಕಿದರೆ, ಗೊಬ್ಬರ ಕಳಿಯುವಾಗ ಹುಟ್ಟುವ ಶಾಖದಿಂದಲೇ ಬೀಜಕೋಶಗಳು ಸಾಯುತ್ತವೆ. ಮೇವನ್ನು ನೆಲದ ಮೇಲೆ ಎರಚದೆ, ಸಗಣಿ ಬೀಳದಷ್ಟು ಎತ್ತರದ ಗೋದಲಿಯಲ್ಲಿ ಹಾಕಬೇಕು. ಬಾನಿಯನ್ನು ದಿನವೂ ಉಜ್ಜಬೇಕು. ಕರು ಬಿಡುವ ಮೊದಲು ಕೆಚ್ಚಲನ್ನು ತೊಳೆಯಬೇಕು.

ನಾಲ್ಕನೆಯದು ಬಿಸಿಲು. ಸಾಮಾನ್ಯವಾದ ಕ್ರಿಮಿನಾಶಕ ದ್ರಾವಣಗಳು ಈ ಬೀಜಕೋಶದ ಗಟ್ಟಿ ಕವಚವನ್ನು ಭೇದಿಸಲಾರವು. ನೆಲಕ್ಕೆ ಫಿನಾಯಿಲು ಚೆಲ್ಲಿ ತೃಪ್ತಿಪಡುವಂತಿಲ್ಲ. ಸುಣ್ಣವು ನೆಲವನ್ನು ಒಣಗಿಸುವುದರಿಂದ ಸಹಾಯವಾದೀತು, ಅಷ್ಟೆ. ನೆರಳಿನಲ್ಲಿ, ತೇವದಲ್ಲಿ ಇವು ತಿಂಗಳುಗಟ್ಟಲೆ ಬದುಕುತ್ತವೆ. ಆದರೆ ಕುದಿಯುವ ನೀರಿಗೂ, ಒಣಗುವಿಕೆಗೂ, ಉರಿಬಿಸಿಲಿಗೂ ನಿಲ್ಲಲಾರವು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ಮೀರುವ ನಮ್ಮ ಬಿಸಿಲನ್ನು ನಾವೆಲ್ಲರೂ ಶಪಿಸುತ್ತೇವೆ. ಅದೇ ಬಿಸಿಲು ದೇವರು ಕೊಟ್ಟ ಪುಕ್ಕಟೆಯ ಔಷಧ. ಬೇಸಗೆಯಲ್ಲಿ ಕರುವಿನ ಮೂಲೆಯ ಮೇಲ್ಮಣ್ಣನ್ನು ಗೇಣುದ್ದ ಕೆತ್ತಿ ತೆಗೆದು, ಹೊಲಕ್ಕೆ ಸಾಗಿಸಿ, ಆ ಜಾಗವನ್ನು ಬಿಸಿಲಿಗೆ ಬಿಟ್ಟು, ಕಾರಹುಣ್ಣಿಮೆಯೊಳಗೆ ಹೊಸ ಗರಸು ಹಾಕಿರಿ. ಆ ಹಬ್ಬಕ್ಕೆ ಎತ್ತುಗಳ ಮೈತೊಳೆದು ಕೋಡಿಗೆ ಬಣ್ಣ ಹಚ್ಚುವವರು ಕರುವಿನ ಮೂಲೆಗೂ ಒಂದು ದಿನವನ್ನು ಕೊಟ್ಟರೆ ಹಬ್ಬ ಪೂರ್ಣವಾದೀತು.

ಹಿಂದಿನ ವರ್ಷ ರೋಗ ಬಂದ ಕೊಟ್ಟಿಗೆಯಲ್ಲಿ ವೈದ್ಯರ ಸಲಹೆಯಿಂದ ಮುಂಜಾಗ್ರತೆಯ ಔಷಧವನ್ನೂ ಕೊಡಬಹುದು. ಆಂಪ್ರೋಲಿಯಂ ಆದರೆ ಚಿಕಿತ್ಸೆಯ ಅರ್ಧ ಅಳತೆಯಲ್ಲಿ, ಕಿಲೋಗೆ 5 ಮಿಲಿಗ್ರಾಮಿನಂತೆ, 21 ದಿನ. ಅದೇ ಮೂರು ವಾರಗಳ ಲೆಕ್ಕ. ಆದರೆ ನೆಲವನ್ನು ಒದ್ದೆಯಾಗಿಟ್ಟು ಔಷಧವನ್ನು ನಂಬುವುದು ತೂತಿನ ಕೊಡಕ್ಕೆ ನೀರು ಸುರಿದಂತೆ.

ಕಡೆಯದಾಗಿ ಒಂದು ಮಾತು. ಇಷ್ಟೆಲ್ಲವೂ ನಮ್ಮ ರೈತರಿಗೆ ಅಸಾಧ್ಯವಾದುದಲ್ಲ. ಆದರೂ ಕರುಗಳು ಸಾಯುತ್ತವೆ. ಅದರಲ್ಲಿಯೂ ಗಂಡುಗರುಗಳು, ವಿಶೇಷವಾಗಿ ಕೋಣಗರುಗಳು, ಹೆಚ್ಚಾಗಿ ಸಾಯುತ್ತವೆ. ಅವಕ್ಕೆ ಹಾಲು ಕಡಮೆ, ಜಾಗ ಕೆಟ್ಟದ್ದು, ವೈದ್ಯರ ಕರೆ ತಡ. ಇದು ರೋಗದ ದೋಷವಲ್ಲ, ನಮ್ಮ ಲೆಕ್ಕದ ದೋಷ. ಆದರೆ ನಾವು ನಿರ್ಲಕ್ಷಿಸಿದ ಆ ಕೋಣಗರುವಿನ ಹೊಟ್ಟೆಯಿಂದಲೇ ನಾವು ಮುದ್ದಿಸುವ ಹೆಣ್ಣುಗರುವಿಗೆ ರೋಗ ಬರುತ್ತದೆ. ಧರ್ಮದ ಮಾತು ಬೇಡವೆಂದರೂ ವ್ಯವಹಾರದ ಮಾತಿನಿಂದಾದರೂ ಎರಡನ್ನೂ ಒಂದೇ ಕಣ್ಣಿನಿಂದ ನೋಡಬೇಕಾಗಿದೆ.

ಗೊಬ್ಬೂರಿನ ಆ ಮನೆಗೆ ನಾವು ಕೆಲವು ವರ್ಷಗಳ ಮೇಲೆ ಹೋಗಿದ್ದೆವು. ಬಾನಿಯನ್ನು ಅಂಗಳದ ಇನ್ನೊಂದು ಬದಿಗೆ ಸಾಗಿಸಿದ್ದರು. ಕರುಗಳ ಮೂಲೆಗೆ ಕಲ್ಲು ಹಾಸಿತ್ತು. ಮಳೆ ಹುಯ್ಯುತ್ತಿದ್ದರೂ ಆ ನೆಲ ಒಣಗಿತ್ತು. ಅಂದು ಬದುಕಿದ ಆಕಳ ಕರು ತಾನೇ ಕರು ಹಾಕಿ ಎರಡು ವಾರವಾಗಿತ್ತು. ಆ ಹೆಣ್ಣುಮಗಳು ನಮ್ಮನ್ನು ಗುರುತಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, ಎಲೆಯ ಮೇಲೆ ಒಂದು ಹಿಡಿ ಸಗಣಿಯನ್ನು ತಂದು ಮುಂದಿಟ್ಟಳು. "ಕರಕ್ಕೇನೂ ಆಗಿಲ್ಲರಿ, ಆದರೂ ನೋಡಿಬಿಡ್ರಿ" ಎಂದಳು. ಇಷ್ಟು ಎಚ್ಚರ ಊರೂರಿನ ಕೊಟ್ಟಿಗೆಗಳಲ್ಲಿ ಬಂದರೆ ನಮ್ಮ ಮಾತು ಸಾರ್ಥಕ.